ಮೂರು ಜನವೋ, ನೂರು ಜನವೋ? ಹೊಳೆದಂಡೆಯ ಊರಿಗೆ ಹ್ಯಾಮ್ ರೇಡಿಯೊ

ಪ್ರಶ್ನೆ: ಸಾರ್, ನಮ್ಮದು ನಂಜನಗೂಡು ತಾಲ್ಲೂಕು, ಕಪಿಲಾ ನದಿ ದಂಡೆಯ ಊರು. ನಾನು ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಹೋದ ಸಲ ಹೊಳೆ ಬಂದಾಗ ರಾತ್ರಿ ಕರೆಂಟ್ ಹೋಯಿತು. ಬೆಳಗಿನ ಜಾವಕ್ಕೆ ಫೋನ್ ಸಿಗ್ನಲ್ಲೂ ಹೋಯಿತು. ಅದಕ್ಕೆ ಮುಂಚೆ ‘ಡ್ಯಾಂ ಗೇಟ್ ಪೂರ್ತಿ ತೆಗೆದಿದ್ದಾರೆ, ಊರು ಮುಳುಗುತ್ತೆ’ ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಬಂದು, ಜನ ಕತ್ತಲಲ್ಲೇ ದನಕರು ಹೊಡೆದುಕೊಂಡು ಓಡಿದರು. ಆಮೇಲೆ ನೋಡಿದರೆ ಅದು ಸುಳ್ಳು. ಇದಾದ ಮೇಲೆ ನಮ್ಮ ಹುಡುಗರು ದುಡ್ಡು ಹಾಕಿ ಆನ್‌ಲೈನ್‌ನಲ್ಲಿ ನಾಲ್ಕು ವಾಕಿಟಾಕಿ ತರಿಸಿದ್ದಾರೆ. ಒಬ್ಬರು ‘ಪೊಲೀಸರು ಹಿಡಿದರೆ ಜೈಲು’ ಅಂತಾರೆ. ಇನ್ನೊಬ್ಬರು ‘ಹ್ಯಾಮ್ ಲೈಸೆನ್ಸ್ ಮಾಡಿಸಿದರೆ ಯಾರೂ ಕೇಳಲ್ಲ’ ಅಂತಾರೆ. ಮಳೆ, ಗಾಳಿ, ಹೊಳೆ ನೀರು ನೋಡಿ ನಾವೇ ಮುನ್ಸೂಚನೆ ಕೊಡಬಹುದಾ? ಮನೆ ಮೇಲೆ ಆಂಟೆನಾ ಹಾಕಿದರೆ ಸಿಡಿಲು ಬಡಿಯುತ್ತೆ ಅಂತ ನಮ್ಮ ತಾಯಿ ಹೆದರುತ್ತಾರೆ. ಪಿಯುಸಿ ಓದುತ್ತಿರುವ ಮಗಳಿಗೆ ಇದರಲ್ಲಿ ಬಹಳ ಆಸಕ್ತಿ. ಅವಳು ಪರೀಕ್ಷೆ ಬರೆಯಬಹುದಾ? ಆ ಕಟ್ಟ-ಕಡ ಸದ್ದಿನ ಮೋರ್ಸ್ ಸಂಕೇತ ಕಲಿಯಲೇಬೇಕಾ? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ವಾಕಿಟಾಕಿ, ಲೈಸೆನ್ಸ್, ಆಂಟೆನಾ, ಸಿಡಿಲು ಎಲ್ಲ ಇದೆ. ಆದರೆ ಎರಡು ಸಲ ಓದಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದಿದ್ದು ಆ ರಾತ್ರಿ. ಊರೊಳಗೆ ಬಂದ ಸುದ್ದಿ ಸುಳ್ಳು. ಊರಿನ ನಿಜವಾದ ಸುದ್ದಿ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಮುಂದಿನ ಸಲ ಹೀಗಾಗಬಾರದು ಅನ್ನೋದು ನಿಮ್ಮ ಚಿಂತೆ, ಅಲ್ವಾ? ಅದನ್ನು ಮುಂದಿಟ್ಟುಕೊಂಡೇ ಬರೆಯುತ್ತೇನೆ. ನಾನು ಮೈಸೂರಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಹ್ಯಾಮ್, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವನು. ಸೆಟ್ ರಿಪೇರಿ, ಆಂಟೆನಾ ಕಟ್ಟುವುದು ನನ್ನ ಕಸುಬು. ಭಾನುವಾರ ಪರೀಕ್ಷೆಗೆ ಕೂರುವವರಿಗೆ ಪಾಠ ಹೇಳುತ್ತೇನೆ.

ಮೊದಲು ಆ ನಾಲ್ಕು ಸೆಟ್. ಸದ್ಯಕ್ಕೆ ಬ್ಯಾಟರಿ ಬಿಚ್ಚಿ ಪಕ್ಕಕ್ಕಿಡಿ. ಬ್ಯಾಟರಿ ಹಿಂದೆ ಒಂದು ಲೇಬಲ್ ಇರುತ್ತದೆ, ಓದಿ. 446 ಮೆಗಾಹರ್ಟ್ಸ್, ಅರ್ಧ ವ್ಯಾಟ್ ಅಂತ ಇದ್ದು, ಸರ್ಕಾರ ಆ ಮಾದರಿಯ ಸೆಟ್ಟಿಗೆ ಕೊಡುವ ಇಟಿಎ ಮಂಜೂರಾತಿಯೂ ಇದ್ದರೆ ತೊಂದರೆ ಇಲ್ಲ. 446.0ರಿಂದ 446.2 ಮೆಗಾಹರ್ಟ್ಸ್‌ವರೆಗೆ, ಅರ್ಧ ವ್ಯಾಟ್ ಮೀರದ ಸೆಟ್‌ಗಳಿಗೆ ನಮ್ಮ ದೇಶದಲ್ಲಿ 2018ರಿಂದ ಲೈಸೆನ್ಸ್ ಬೇಕಿಲ್ಲ. ಲೇಬಲ್ ಮೇಲೆ 136ರಿಂದ 174, 400ರಿಂದ 520 ಅಂತ ಇದ್ದರೆ ಕಥೆ ಬೇರೆ. ಅಂಥ ಸೆಟ್ಟನ್ನು ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವುದೇ ತಪ್ಪು. ಮಾತಾಡಿದರೆ ಮಾತ್ರ ತಪ್ಪು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದಲೂ ಇಟ್ಟುಕೊಳ್ಳುವುದಕ್ಕೇ ಅನುಮತಿ ಬೇಕು. ಆನ್‌ಲೈನ್‌ನಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಅದು ಕಾನೂನುಬದ್ಧ ಆಗುವುದಿಲ್ಲ. ಹೀಗೆ ಬೇಕಾಬಿಟ್ಟಿ ಮಾರುವುದನ್ನು ತಡೆಯಲೆಂದೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಸೆಟ್ ವಾಪಸ್ ಕೊಡಲು ಆಗುತ್ತದಾ ನೋಡಿ. ಆಗದಿದ್ದರೆ ಲೈಸೆನ್ಸ್ ಇರುವ ಹ್ಯಾಮ್ ಒಬ್ಬರ ಹತ್ತಿರ ತೋರಿಸಿ ಕೇಳಿ.

ಕಾನೂನಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಇಂಥ ಸೆಟ್‌ನಲ್ಲಿ ಚಾನೆಲ್ ಗುಂಡಿ ಎಲ್ಲಿ ಬೇಕಾದರೂ ತಿರುಗುತ್ತದೆ. ಪ್ರವಾಹದ ರಾತ್ರಿ ನಿಮ್ಮ ಊರಿನ ಸುತ್ತ ಪೊಲೀಸರು, ಅಗ್ನಿಶಾಮಕದವರು ತಮ್ಮ ಸೆಟ್‌ಗಳಲ್ಲಿ ಮಾತಾಡುತ್ತಿರುತ್ತಾರೆ. ನಿಮ್ಮ ಹುಡುಗ ಗೊತ್ತಿಲ್ಲದೆ ಅದೇ ಚಾನೆಲ್‌ನಲ್ಲಿ ಬಟನ್ ಒತ್ತಿ ಹಿಡಿದರೆ, ಅವರ ದೋಣಿಗೆ ಹೋಗಬೇಕಾದ ಮಾತು ಅಲ್ಲೇ ಸತ್ತುಹೋಗುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದ್ದು ಅಂದರೂ ಆಗುವ ಅನಾಹುತ ಕಡಿಮೆ ಆಗುವುದಿಲ್ಲ.

ಇನ್ನು ‘ಹ್ಯಾಮ್ ಲೈಸೆನ್ಸ್ ಇದ್ದರೆ ಯಾರೂ ಕೇಳಲ್ಲ’ ಅನ್ನೋ ಮಾತು. ಇದೂ ತಪ್ಪು. ಲೈಸೆನ್ಸ್ ಕೊಡುವುದು ಇಡೀ ಊರಿಗಲ್ಲ, ಪರೀಕ್ಷೆ ಪಾಸಾದ ವ್ಯಕ್ತಿಗೆ. ನಿಮ್ಮ ಮಗಳಿಗೆ ಲೈಸೆನ್ಸ್ ಬಂದರೆ ಆ ಸೆಟ್‌ನಲ್ಲಿ ಮಾತಾಡುವವಳು ಅವಳು. ನೀವಲ್ಲ, ಪಕ್ಕದ ಮನೆ ಹುಡುಗನಲ್ಲ. ವ್ಯಾಪಾರದ ಮಾತು ಆಡುವಂತಿಲ್ಲ. ಗುಟ್ಟಿನ ಭಾಷೆ ಬಳಸುವಂತಿಲ್ಲ. ಕನ್ನಡದಲ್ಲಿ ಧಾರಾಳವಾಗಿ ಮಾತಾಡಬಹುದು, ಆದರೆ ಕೇಳುವವರಿಗೆಲ್ಲ ಅರ್ಥವಾಗುವ ಹಾಗೆ. ಹಳ್ಳಿಗರಿಗೆ ಮುಖ್ಯವಾದ ನಿಯಮ ಇನ್ನೊಂದು. ಬೇರೆಯವರ ಪರವಾಗಿ ಸಂದೇಶ ಸಾಗಿಸುವುದಕ್ಕೆ ಮಾಮೂಲಿ ದಿನ ಅವಕಾಶವಿಲ್ಲ. ಫೋನ್ ವ್ಯವಸ್ಥೆ ಬಿದ್ದುಹೋದಾಗ, ಪ್ರಕೃತಿ ವಿಕೋಪ ಆದಾಗ ಮಾತ್ರ ಉಂಟು. ಆಗಲೂ ಆ ಸಂದೇಶ ಜಿಲ್ಲಾಧಿಕಾರಿ ಅಥವಾ ಅವರು ನೇಮಿಸಿದ ಅಧಿಕಾರಿಯಿಂದ ಹೊರಡಬೇಕು, ಅವರಿಗೆ ತಲುಪಬೇಕು.

ಈ ಒಂದು ನಿಯಮದಲ್ಲೇ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಇದೆ. ಸೆಟ್ ಯಾವುದು ಕೊಳ್ಳಬೇಕು ಅಂತ ಎಲ್ಲರೂ ಮೊದಲು ಕೇಳುತ್ತಾರೆ. ನಾನು ವಾಪಸ್ ಕೇಳುವುದು ಒಂದೇ: ನಿಮ್ಮ ಮಾತು ಆ ಕಡೆ ಯಾರ ಕಿವಿಗೆ ಬೀಳಬೇಕು? ಆ ಕಿವಿ ನಿಮ್ಮನ್ನು ಮೊದಲೇ ಬಲ್ಲದಾ? ತಾಲ್ಲೂಕು ಕಚೇರಿಯಲ್ಲಿ ನಿಮ್ಮ ಹೆಸರು, ಕರೆಸಂಕೇತ (ಲೈಸೆನ್ಸ್ ಜೊತೆ ಸಿಗುವ ಗುರುತು) ಯಾರಿಗೂ ಗೊತ್ತಿಲ್ಲದಿದ್ದರೆ, ಲಕ್ಷ ರೂಪಾಯಿ ಸೆಟ್ಟೂ ಆ ರಾತ್ರಿ ಸುಮ್ನೆ ಗಾಳಿಗೆ ಮಾತಾಡುತ್ತದೆ.

ಫೋನ್ ಯಾಕೆ ಹೋಯಿತು ಅಂತ ನೋಡೋಣ. ನೀವು ಕರೆಂಟಿನ ಕೆಲಸದವರು, ಬೇಗ ಅರ್ಥವಾಗುತ್ತದೆ. ಟವರ್‌ಗೆ ಕರೆಂಟ್ ಬೇಕು. ಲೈನ್ ಹೋದರೆ ಬ್ಯಾಟರಿ, ಬ್ಯಾಟರಿ ಮುಗಿದರೆ ಜನರೇಟರ್. ಜನರೇಟರ್‌ಗೆ ಡೀಸೆಲ್ ತರುವ ರಸ್ತೆ ಮುಳುಗಿದ್ದರೆ ಅಲ್ಲಿಗೆ ಮುಗಿಯಿತು. ನಿಮ್ಮಲ್ಲಿ ರಾತ್ರಿ ಕರೆಂಟ್ ಹೋಗಿ ಬೆಳಗಿನ ಜಾವಕ್ಕೆ ಸಿಗ್ನಲ್ ಹೋಗಿದ್ದರೆ ಬಹುಶಃ ಇದೇ. ಎರಡನೆಯದು, ಟವರ್‌ನಿಂದ ಟವರ್‌ಗೆ ಹೋಗುವ ಫೈಬರ್ ಕೇಬಲ್. ಅದು ಎಷ್ಟೋ ಕಡೆ ಸೇತುವೆಯ ಮಗ್ಗುಲಲ್ಲೇ ಹೋಗಿರುತ್ತದೆ. ಮೂರನೆಯದು, ಎಲ್ಲರೂ ಒಟ್ಟಿಗೆ ಫೋನ್ ಮಾಡುವುದು. ಟವರ್ ಚೆನ್ನಾಗಿದ್ದರೂ ಲೈನ್ ಸಿಗುವುದಿಲ್ಲ. ಆಗ ಕರೆ ಬಿಟ್ಟು ಎಸ್‌ಎಂಎಸ್ ಹಾಕಿ ನೋಡಿ. ಕರೆ ಹೋಗದ ಕಡೆ ಎಸ್‌ಎಂಎಸ್ ನುಸುಳಿಕೊಂಡು ಹೋಗುವುದುಂಟು.

ಹ್ಯಾಮ್ ರೇಡಿಯೊಗೆ ಈ ಟವರ್, ಕೇಬಲ್ ಯಾವುದೂ ಬೇಡ. ಎರಡು ಸೆಟ್, ಎರಡು ಆಂಟೆನಾ, ಎರಡು ಬ್ಯಾಟರಿ. ಅಷ್ಟೇ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಹ್ಯಾಮ್‌ಗಳು ನೆರವಿಗೆ ನಿಂತಿದ್ದು ಇದೇ ಬಲದಿಂದ. 2004ರ ಡಿಸೆಂಬರ್‌ನಲ್ಲಿ ಹ್ಯಾಮ್‌ಗಳ ಒಂದು ತಂಡ ಹವ್ಯಾಸದ ಕೆಲಸಕ್ಕೆಂದು ಪೋರ್ಟ್ ಬ್ಲೇರ್‌ಗೆ ಹೋಗಿತ್ತು. 26ನೇ ತಾರೀಖು ಸುನಾಮಿ ಬಂತು. ಹೋಟೆಲ್ ಮೇಲೆ ಕಟ್ಟಿದ್ದ ಅದೇ ಆಂಟೆನಾ ಅಂಡಮಾನಿನ ಸುದ್ದಿಯನ್ನು ಹೊರಗೆ ತಲುಪಿಸಿತು. ನಮಗೆ ಇನ್ನೂ ಹತ್ತಿರದ್ದು 2024ರ ಜುಲೈ 30ರ ವಯನಾಡು ಭೂಕುಸಿತ. ಕಲ್ಪೆಟ್ಟಾದ ಜಿಲ್ಲಾಧಿಕಾರಿ ಕಚೇರಿಯಲ್ಲೇ ಹ್ಯಾಮ್‌ಗಳು ನಿಲ್ದಾಣ ಹಾಕಿ ಕೂತರು. ಅದು ಕೂತ ಜಾಗ ನೋಡಿ. ಮನೆಯ ಮಹಡಿಯಲ್ಲ, ಜಿಲ್ಲಾಧಿಕಾರಿ ಕಚೇರಿ. ನಾನು ಹೇಳುವ ಕಿವಿ ಅಂದರೆ ಅದು.

ಒಂದು ಮಾತು ಮುಚ್ಚಿಡದೆ ಹೇಳಬೇಕು. ನಮ್ಮ ಕಡೆ ಹೊಳೆ ಬಂದ ಬಹಳ ಸಲ ಫೋನ್ ಕೆಲಸ ಮಾಡಿದೆ. ಈಗ ಒಂದು ಕಂಪನಿಯ ಟವರ್ ಹೋದರೆ ಇನ್ನೊಂದರ ಟವರ್ ಬಳಸಲು ಬಿಡುವ ವ್ಯವಸ್ಥೆಯೂ ಇದೆ. ಹಾಗಾಗಿ ಹ್ಯಾಮ್ ಅಂದರೆ ಫೋನಿಗೆ ಬದಲಿ ಅಂತ ತಿಳಿಯಬೇಡಿ. ಫೋನ್ ಹೋದ ಆ ಏಳೆಂಟು ಗಂಟೆಗೆ ಅದು ಬೇಕು. ಆ ಏಳೆಂಟು ಗಂಟೆಗೋಸ್ಕರ ವರ್ಷಪೂರ್ತಿ ಅಭ್ಯಾಸ ಮಾಡುವ ತಾಳ್ಮೆ ಇದ್ದರೆ ಮಾತ್ರ ಕೈಹಾಕಿ.

ಈಗ ‘ನಾವೇ ಮುನ್ಸೂಚನೆ ಕೊಡಬಹುದಾ’ ಅಂತ ಕೇಳಿದ್ದೀರಿ. ಕೊಡಬೇಡಿ. ಕಂಡಿದ್ದನ್ನು ಹೇಳಿ. ಈ ಎರಡಕ್ಕೂ ಅಜಗಜಾಂತರ ಇದೆ. ‘ಊರು ಮುಳುಗುತ್ತೆ’ ಅನ್ನೋದು ಮುನ್ಸೂಚನೆ. ‘ಘಟ್ಟದ ಏಳನೇ ಮೆಟ್ಟಿಲು ಮುಳುಗಿದೆ, ಒಂದು ಗಂಟೆಯಲ್ಲಿ ಎರಡು ಮೆಟ್ಟಿಲು ಏರಿದೆ, ನಾನೇ ನೋಡಿದೆ’ ಅನ್ನೋದು ವರದಿ. ಮೊದಲನೆಯದನ್ನು ಹೇಳುವ ಹಕ್ಕು, ಅದಕ್ಕೆ ಬೇಕಾದ ಲೆಕ್ಕ ಎರಡೂ ಇರುವುದು ಹವಾಮಾನ ಇಲಾಖೆ, ನೀರಾವರಿಯವರು, ಜಿಲ್ಲಾಡಳಿತದ ಹತ್ತಿರ. ಸುಳ್ಳು ಎಚ್ಚರಿಕೆ ಹಬ್ಬಿಸಿ ಜನರನ್ನು ಗಾಬರಿಪಡಿಸಿದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಇದೆ. ಎರಡನೆಯದು ಮಾತ್ರ ನಿಮ್ಮಿಂದಲೇ ಆಗಬೇಕು. ಯಾಕೆಂದರೆ ಆ ಮೆಟ್ಟಿಲು ಬೆಂಗಳೂರಿಗೆ ಕಾಣುವುದಿಲ್ಲ.

ಅಮೆರಿಕದಲ್ಲಿ ಸ್ಕೈವಾರ್ನ್ ಅಂತ ಒಂದು ವ್ಯವಸ್ಥೆ ಇದೆ. ಅಲ್ಲಿನ ಹವಾಮಾನ ಇಲಾಖೆಯೇ ಸಾಮಾನ್ಯ ಜನರಿಗೆ ತರಬೇತಿ ಕೊಡುತ್ತದೆ. ಅವರು ಸುಂಟರಗಾಳಿ, ಆಲಿಕಲ್ಲು ಕಂಡರೆ ವರದಿ ಮಾಡುತ್ತಾರೆ. ಹ್ಯಾಮ್‌ಗಳು ಅದರಲ್ಲಿ ದೊಡ್ಡ ಪಾಲು. ರೇಡಾರ್ ಇರುವಾಗ ಕಣ್ಣು ಯಾಕೆ ಬೇಕು ಅಂತ ಕೇಳಬಹುದು. ಭೂಮಿ ಗುಂಡಗಿದೆ, ರೇಡಾರ್ ಕಿರಣ ಹೆಚ್ಚುಕಡಿಮೆ ನೇರ ಹೋಗುತ್ತದೆ. ಅರ್ಧ ಡಿಗ್ರಿ ಮೇಲಕ್ಕೆ ಹೊರಟ ಕಿರಣ 200 ಕಿಲೋಮೀಟರ್ ದೂರ ಹೋಗುವಷ್ಟರಲ್ಲಿ ನೆಲದಿಂದ ಸುಮಾರು 4 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಅದರ ಕೆಳಗೆ ನಿಮ್ಮ ಬಾಳೆತೋಟದಲ್ಲಿ ಏನಾಗುತ್ತಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇ ಲೆಕ್ಕ ಕಳಿಸುವ ಮಳೆಮಾಪಕ ಇಟ್ಟಿದೆ. ಬಹಳ ಒಳ್ಳೆಯ ಕೆಲಸ. ಆದರೆ ಮಳೆಮಾಪಕ ಮಳೆ ಅಳೆಯುತ್ತದೆ. ಮುರಿದ ಕರೆಂಟ್ ಕಂಬ, ಕೊಚ್ಚಿಹೋದ ಮೋರಿ, ದಾರಿಗೆ ಬಿದ್ದ ಹುಣಸೆ ಮರ ಅದಕ್ಕೆ ಕಾಣುವುದಿಲ್ಲ.

ನಮ್ಮ ಸೀಮೆಯಲ್ಲಿ ಅಪಾಯ ಎರಡು ಕಾಲದಲ್ಲಿ ಬರುತ್ತದೆ. ಇದನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳ ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳಲ್ಲಿ ಬಿರುಗಾಳಿ, ಸಿಡಿಲು, ಆಲಿಕಲ್ಲು. ಸಂಜೆ ಮೋಡ ಎದ್ದು ಅರ್ಧ ಗಂಟೆಯಲ್ಲಿ ಎಲ್ಲ ಮುಗಿದಿರುತ್ತದೆ. ಜುಲೈ, ಆಗಸ್ಟ್‌ನ ಪುಷ್ಯ, ಆಶ್ಲೇಷ ಮಳೆಯಲ್ಲಿ ಹೊಳೆಯ ಅಪಾಯ. ಆ ಹೊತ್ತಿನಲ್ಲಿ ನಿಮ್ಮೂರಲ್ಲಿ ಬರೀ ಸೋನೆ ಹನಿಯುತ್ತಿರಬಹುದು. ಸುರಿಯುತ್ತಿರುವುದು ವಯನಾಡಿನಲ್ಲಿ. ನಿಮ್ಮ ಕಪಿಲಾ, ಅಂದರೆ ಕಬಿನಿ, ಹುಟ್ಟುವುದು ಅಲ್ಲೇ. ಆ ನೀರು ಬೀಚನಹಳ್ಳಿಯ ಜಲಾಶಯಕ್ಕೆ ಬರುತ್ತದೆ. ಅದು 2,284 ಅಡಿಗೆ ತುಂಬುತ್ತದೆ, 19 ಟಿಎಂಸಿ ಚಿಲ್ಲರೆ ಹಿಡಿಯುತ್ತದೆ, ಅಂದರೆ ಕೆಆರ್‌ಎಸ್‌ನ ಅರ್ಧವೂ ಅಲ್ಲ. ಹಾಗಾಗಿ ಬೇಗ ತುಂಬಿ, ಬಂದಷ್ಟೂ ನೀರನ್ನು ಕೆಳಗೆ ಬಿಡಬೇಕಾಗುತ್ತದೆ. 2018, 2019, 2024 ಮೂರೂ ವರ್ಷ ಆಗಿದ್ದು ಇದೇ. ಮಲ್ಲನಮೂಲೆ ಮಠದ ಹತ್ತಿರ ಊಟಿ ರಸ್ತೆ ಮೇಲೆ ನೀರು ಬಂದಿದ್ದು, ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿದ್ದು ನಿಮಗೇ ಗೊತ್ತು. 2024ರ ಭೂಕುಸಿತದ ನೀರು ಹರಿದಿದ್ದು ಪಡುವಣಕ್ಕೆ, ಚಾಲಿಯಾರ್ ನದಿಗೆ. ಆದರೆ ಅದೇ ವಾರ ವಯನಾಡಿನ ಮೂಡಣ ಮಗ್ಗುಲಿಗೆ ಬಿದ್ದ ಮಳೆ ನಿಮ್ಮ ಬಾಗಿಲಿಗೆ ಬಂತು.

ಇನ್ನೂ ಒಂದು ತಪ್ಪು ತಿಳಿವಳಿಕೆ ಇದೆ. ಕೆಆರ್‌ಎಸ್ ಗೇಟ್ ತೆಗೆದರು ಅಂತ ಟಿವಿಯಲ್ಲಿ ಬಂದರೆ ನಂಜನಗೂಡಿನವರೂ ಹೆದರುತ್ತಾರೆ. ಆ ನೀರು ಶ್ರೀರಂಗಪಟ್ಟಣದ ಕಡೆಯಿಂದ ಹೋಗುತ್ತದೆ. ಕಾವೇರಿ, ಕಬಿನಿ ಸೇರುವುದು ತಿ. ನರಸೀಪುರದಲ್ಲಿ. ನಿಮ್ಮ ಊರು ಅದಕ್ಕಿಂತ ಮೇಲಿದೆ. ನಿಮಗೆ ಲೆಕ್ಕಕ್ಕೆ ಬರುವುದು ಕಬಿನಿಯ ಹೊರಹರಿವು. ಅದು ಎಷ್ಟು ಕ್ಯೂಸೆಕ್ ಅಂತ ಅಧಿಕಾರಿಗಳು ಪ್ರಕಟಿಸುತ್ತಾರೆ.

ಹೊಳೆ ನೋಡುವ ಕೆಲಸ ಹೀಗೆ ಶುರು ಮಾಡಿ. ಬೇಸಿಗೆಯಲ್ಲಿ ನೀರು ಕಡಿಮೆ ಇದ್ದಾಗ, ಘಟ್ಟದ ಮೆಟ್ಟಿಲುಗಳಿಗೆ ಕೆಳಗಿನಿಂದ ಮೇಲಕ್ಕೆ ನಂಬರ್ ಬರೆಸಿ. ಎನಾಮೆಲ್ ಬಣ್ಣ, ಬೊಗಸೆಯಗಲದ ಅಕ್ಷರ. ಪಂಚಾಯಿತಿಗೆ ಹೇಳಿ ಮಾಡಿಸಿ. ಮೆಟ್ಟಿಲು ಇಲ್ಲದ ಕಡೆ ಸೇತುವೆ ಕಂಬಕ್ಕೆ ಅಡಿ ಲೆಕ್ಕದಲ್ಲಿ ಗೆರೆ ಎಳೆಸಿ, ಆದರೆ ಸೇತುವೆಯವರ ಒಪ್ಪಿಗೆ ತೆಗೆದುಕೊಂಡು. ಒಂದು ನೋಟ್‌ಬುಕ್ ಇಡಿ. ಎಡಗಡೆ ಡ್ಯಾಂ ಹೊರಹರಿವು ಎಷ್ಟು, ಎಷ್ಟು ಗಂಟೆಗೆ ಬಿಟ್ಟರು. ಬಲಗಡೆ ನಿಮ್ಮ ಮೆಟ್ಟಿಲು ಎಷ್ಟು ಗಂಟೆಗೆ ಎಷ್ಟು ಏರಿತು. ಎರಡು ಮಳೆಗಾಲ ಬರೆದಿಟ್ಟರೆ, ಡ್ಯಾಂ ನೀರು ನಿಮ್ಮೂರಿಗೆ ಬರಲು ಎಷ್ಟು ತಾಸು ಬೇಕು ಅನ್ನೋದು ನಿಮ್ಮ ಕೈಯಲ್ಲೇ ಇರುತ್ತದೆ. ಆ ಪುಸ್ತಕಕ್ಕೆ ತಹಶೀಲ್ದಾರರು ಕೊಡುವ ಬೆಲೆ ನಿಮ್ಮ ನಾಲ್ಕು ವಾಕಿಟಾಕಿಗಿಂತ ಜಾಸ್ತಿ. ಕತ್ತಲಲ್ಲಿ ನೀರಿನ ಹತ್ತಿರ ಹೋಗುವುದು ಬೇಡ. ದೂರದಿಂದ ಟಾರ್ಚ್ ಬಿಟ್ಟು ಕಾಣುವ ಕಡೆ ನಂಬರ್ ಬರೆಸಿ.

ಮಳೆ ಅಳೆಯಲು ನೇರ ಗೋಡೆಯ ಪಾತ್ರೆ ಸಾಕು. ಬಯಲಲ್ಲಿಟ್ಟು, ಹವಾಮಾನ ಇಲಾಖೆಯ ಹಾಗೆ ದಿನಾ ಬೆಳಿಗ್ಗೆ 8.30ಕ್ಕೆ ಸ್ಕೇಲ್ ಹಾಕಿ ನೋಡಿ. ಒಂದು ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಇಲಾಖೆ ಭಾರಿ ಮಳೆ ಅನ್ನುತ್ತದೆ. 115.6ರಿಂದ ಅತಿ ಭಾರಿ. ‘ಜೋರು ಮಳೆ, ಭಯಂಕರ ಮಳೆ’ ಅಂದರೆ ಆ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ಆಲಿಕಲ್ಲಾದರೆ ಕಡಲೆಕಾಳಿನಷ್ಟಾ, ಗೋಲಿಯಷ್ಟಾ, ನಿಂಬೆಹಣ್ಣಿನಷ್ಟಾ ಹೇಳಿ. ಗಾಳಿಯಾದರೆ ಏನು ಮುರಿಯಿತು ಹೇಳಿ. ಬಾಳೆ ಬಿತ್ತಾ, ತೆಂಗು ಬಿತ್ತಾ, ಶೀಟ್ ಹಾರಿತಾ? ಅದರಿಂದಲೇ ಗಾಳಿಯ ಜೋರು ಅಂದಾಜಾಗುತ್ತದೆ.

ಈಗ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಕಷ್ಟದ ವಿಷಯ. ಸೆಟ್ ಅಲ್ಲ, ಬಾಯಿ. ಒಂದು ಭಾನುವಾರ ಅಣಕು ಅಭ್ಯಾಸ ಇಟ್ಟುಕೊಂಡಿದ್ದೆವು. ಹೊಳೆ ದಂಡೆಯಲ್ಲಿ ಇಬ್ಬರು, ಶಾಲೆಯ ಕೋಣೆಯಲ್ಲಿ ನಾನು ಮತ್ತು ಹೊಸದಾಗಿ ಲೈಸೆನ್ಸ್ ಪಡೆದ ಹುಡುಗಿ. ಹೊರಗೆ ಜನರೇಟರ್ ಬಡಿದುಕೊಳ್ಳುತ್ತಿತ್ತು. ದಂಡೆಯಿಂದ ಬಂದ ಸಂದೇಶ: ‘ಮೂರು ಜನ ಸಿಕ್ಕಿಹಾಕಿಕೊಂಡಿದ್ದಾರೆ.’ ಆ ಹುಡುಗಿ ಪೆನ್ಸಿಲ್ ಒತ್ತಿ ಬರೆದಳು: ‘ನೂರು ಜನ.’ ಪಕ್ಕದ ಮೇಜಿನವರು ಆಗಲೇ ಎಷ್ಟು ದೋಣಿ ಬೇಕು ಅಂತ ಲೆಕ್ಕ ಹಾಕಲು ಶುರು ಮಾಡಿದ್ದರು. ತಪ್ಪು ಅವಳದಲ್ಲ. ಗದ್ದಲದಲ್ಲಿ ಮೂರು, ಆರು, ನೂರು ಮೂರೂ ಒಂದೇ ತರ ಕೇಳಿಸುತ್ತವೆ. ಎಪ್ಪತ್ತು, ಎಂಬತ್ತು ಕೂಡ ಹಾಗೇ. ಅವತ್ತಿನಿಂದ ನಾವು ಸಂಖ್ಯೆಯನ್ನು ಬಿಡಿಬಿಡಿಯಾಗಿ ಹೇಳುತ್ತೇವೆ. ನೂರು ಅಂದರೆ ‘ಒಂದು ಸೊನ್ನೆ ಸೊನ್ನೆ’. ಎಪ್ಪತ್ತು ಅಂದರೆ ‘ಏಳು ಸೊನ್ನೆ’. ಮೂರು ಅಂದರೆ ‘ಒಂದು, ಎರಡು, ಮೂರು. ಮೂರು’. ಬರೆದುಕೊಂಡವರು ಪೂರ್ತಿ ಓದಿ ಹೇಳಬೇಕು. ಆ ಕಡೆಯವರು ‘ಸರಿ’ ಅನ್ನುವ ತನಕ ಕಾಗದ ಮುಂದಕ್ಕೆ ಕೊಡುವಂತಿಲ್ಲ.

ಕನ್ನಡದಲ್ಲಿ ಇನ್ನೊಂದು ಅಪಾಯ ಇದೆ. ನಮ್ಮ ‘ಇಲ್ಲ’ ಬರುವುದು ಮಾತಿನ ಕೊನೆಗೆ. ‘ರಸ್ತೆಯಲ್ಲಿ ಬಸ್ ಹೋಗೋಕೆ ಆಗ್ತಾ ಇಲ್ಲ’ ಅಂತ ಹೇಳುವಾಗ ಗಡಿಬಿಡಿಯಲ್ಲಿ ಬಟನ್ ಬೇಗ ಬಿಟ್ಟರೆ, ‘ಇಲ್ಲ’ ಅನ್ನೋದೇ ಕತ್ತರಿಸಿಹೋಗುತ್ತದೆ. ಅರ್ಥ ತಲೆಕೆಳಗು. ಅದಕ್ಕೆ ಎರಡು ಅಭ್ಯಾಸ. ಬಟನ್ ಒತ್ತಿ ಒಂದು ಕ್ಷಣ ತಡೆದು ಮಾತು ಶುರು ಮಾಡಿ, ಮಾತು ಮುಗಿದ ಮೇಲೆ ಒಂದು ಕ್ಷಣ ತಡೆದು ಬಟನ್ ಬಿಡಿ. ಇಲ್ಲ ಅನ್ನೋ ಸುದ್ದಿಯಾದರೆ ಅದನ್ನು ಮುಂದೆ ತಂದು ಹೇಳಿ: ‘ರಸ್ತೆ ಬಂದ್. ಬಸ್ ಹೋಗುವುದಿಲ್ಲ. ರಸ್ತೆ ಬಂದ್.’

ದೂರದ ವಿಚಾರ. ಕೈಯಲ್ಲಿ ಹಿಡಿಯುವ ಸೆಟ್ ಡಬ್ಬದ ಮೇಲೆ ಎಷ್ಟೇ ಕಿಲೋಮೀಟರ್ ಬರೆದಿರಲಿ, ನಂಬಬೇಡಿ. ಹ್ಯಾಮ್‌ಗಳು ಹತ್ತಿರದ ಮಾತಿಗೆ ಬಳಸುವ 144ರಿಂದ 146 ಮೆಗಾಹರ್ಟ್ಸ್ ಅಲೆ ಬೆಳಕಿನ ಹಾಗೆ ನೇರ ಹೋಗುತ್ತದೆ. ಆಂಟೆನಾದ ಎತ್ತರವೇ ದೂರ ನಿರ್ಧರಿಸುತ್ತದೆ. ನೆಲದ ಮೇಲೆ ನಿಂತವರ ಕೈಸೆಟ್‌ಗೆ ಬಯಲಲ್ಲೂ ಕೆಲವೇ ಕಿಲೋಮೀಟರ್, ಮನೆ ಮರಗಳ ನಡುವೆ ಇನ್ನೂ ಕಡಿಮೆ. ಎರಡೂ ಕಡೆ ಆಂಟೆನಾ 10 ಮೀಟರ್ ಎತ್ತರಕ್ಕೆ ಏರಿದರೆ ಲೆಕ್ಕಕ್ಕೆ 26 ಕಿಲೋಮೀಟರ್ ಬರುತ್ತದೆ. ನಂಜನಗೂಡಿಂದ ಮೈಸೂರು ಅಷ್ಟರೊಳಗೇ ಇದೆ. ಆದರೆ ನಡುವೆ ಚಾಮುಂಡಿ ಬೆಟ್ಟ ಅಡ್ಡ ಬರುವ ಮನೆಗಳಿಗೆ ಬೆಟ್ಟದ ನೆರಳು ಬೀಳುತ್ತದೆ. ನಿಮ್ಮ ಮಹಡಿಯಿಂದ ಪರೀಕ್ಷೆ ಮಾಡದೆ ಯಾರೂ ಖಾತ್ರಿ ಕೊಡಲಾರರು.

ಬೆಟ್ಟ ದಾಟಿಸುವ ಇನ್ನೊಂದು ದಾರಿ 7 ಮೆಗಾಹರ್ಟ್ಸ್. ಒಂದೊಂದು ಕಡೆಗೆ 10 ಮೀಟರ್ ತಾಮ್ರದ ತಂತಿ, ಎರಡು ತೆಂಗಿನ ಮರದ ನಡುವೆ. ಜಾಸ್ತಿ ಎತ್ತರ ಬೇಡ, ನಾಲ್ಕೈದು ಮೀಟರ್ ಸಾಕು. ಆಗ ಅಲೆ ನೆತ್ತಿಯ ಕಡೆ ಹೋಗಿ, ವಾತಾವರಣದ ಬಹಳ ಮೇಲಿರುವ ವಿದ್ಯುತ್ ಪದರಕ್ಕೆ (ಅಯಾನುಗೋಳ) ತಗುಲಿ, ಕೊಡೆ ಹಿಡಿದ ಹಾಗೆ ಸುತ್ತಮುತ್ತ ಇಳಿಯುತ್ತದೆ. ಹಗಲು ಹೊತ್ತು ಬೆಂಗಳೂರು, ಮಡಿಕೇರಿ, ಕಲ್ಪೆಟ್ಟಾ ಎಲ್ಲ ಕೈಗೆ ಸಿಗುತ್ತವೆ. ರಾತ್ರಿ ಆ ಪದರ ತೆಳುವಾಗಿ, ಹತ್ತಿರದವರು ಮಾಯವಾಗಿ ದೂರದವರು ಸಿಗುವುದುಂಟು. ಹೊಳೆ ಏರುವುದು ಹೆಚ್ಚಾಗಿ ರಾತ್ರಿಯೇ ನಮ್ಮ ಗಮನಕ್ಕೆ ಬರುವುದರಿಂದ ಇದೊಂದನ್ನೇ ನೆಚ್ಚಿ ಕೂರಬಾರದು. 1935ರಲ್ಲಿ ಮಹಾರಾಜ ಕಾಲೇಜಿನ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಕಟ್ಟಿ, ‘ಆಕಾಶವಾಣಿ’ ಅನ್ನೋ ಹೆಸರು ಬಳಕೆಗೆ ಬಂದ ಊರು ನಮ್ಮದು. ತಂತಿ ಕಟ್ಟಿ ದೂರದ ದನಿ ಹಿಡಿಯುವ ಹುಚ್ಚು ಈ ನೆಲಕ್ಕೆ ಹೊಸದಲ್ಲ.

ಬ್ಯಾಟರಿ ಲೆಕ್ಕ ನಿಮಗೆ ಸುಲಭ. 25 ವ್ಯಾಟಿನ ಸೆಟ್ ಮಾತಾಡುವಾಗ ಸುಮಾರು 6 ಆಂಪಿಯರ್, ಕೇಳುವಾಗ ಅರ್ಧ ಆಂಪಿಯರ್ ಎಳೆಯುತ್ತದೆ. ದಿನಕ್ಕೆ ಒಟ್ಟು ಒಂದು ಗಂಟೆ ಮಾತಾಡಿದರೂ 18 ಆಂಪಿಯರ್-ಅವರ್. ಮನೆ ಯುಪಿಎಸ್‌ನ 150ರ ಬ್ಯಾಟರಿಯಲ್ಲಿ ಅರ್ಧ ಬಳಸಿದರೆ ನಾಲ್ಕು ದಿನ. ಆದರೆ ಆ ಬ್ಯಾಟರಿ ನೆಲದ ಮೇಲಿದ್ದರೆ ಮೊದಲು ಮುಳುಗುವುದು ಅದೇ. ಅಟ್ಟಕ್ಕೆ ಏರಿಸಿ.

ನಿಮ್ಮ ತಾಯಿಯವರ ಹೆದರಿಕೆಯನ್ನು ತಳ್ಳಿಹಾಕಬೇಡಿ. ಆಂಟೆನಾ ಸಿಡಿಲನ್ನು ಕರೆಯುವುದಿಲ್ಲ. ಮನೆ ಪಕ್ಕದ ತೆಂಗಿನ ಮರ ಅದಕ್ಕಿಂತ ಎತ್ತರ ಇರುತ್ತದೆ. ಆದರೆ ಸಿಡಿಲು ಹತ್ತಿರ ಬಿದ್ದರೂ ಆ ತಂತಿಯ ಮೂಲಕ ಮನೆಯೊಳಗೆ ಬರಬಹುದು ಅನ್ನೋದು ನಿಜ. ಕಂಬಕ್ಕೆ ದಪ್ಪ ತಂತಿಯ ಅರ್ಥಿಂಗ್ ಕೊಡಿ, ಮನೆಯ ಅರ್ಥಿಂಗ್‌ಗೆ ಅದನ್ನು ಜೋಡಿಸಿ. ಬಳಸದಾಗ ಆಂಟೆನಾ ಕೇಬಲ್ ಬಿಚ್ಚಿ ಕಿಟಕಿಯ ಹೊರಗೆ ಹಾಕಿ. ಕಂಬ ಕರೆಂಟ್ ಲೈನಿನ ಕಡೆ ವಾಲಿದರೂ ಲೈನ್ ಮುಟ್ಟದಷ್ಟು ದೂರ ಇರಲಿ. ನನಗೆ ಗೊತ್ತಿರುವ ಹಾಗೆ ಆಂಟೆನಾ ಕೆಲಸದಲ್ಲಿ ಸಿಡಿಲಿಗಿಂತ ಹೆಚ್ಚು ಭಯ ಪಡಬೇಕಾದ್ದು ಇದಕ್ಕೆ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗು ಕೇಳಿಸಿದರೆ ಸೆಟ್ ಬಂದ್ ಮಾಡಿ, ಕೇಬಲ್ ಬಿಚ್ಚಿ, ಒಳಗೆ ಬನ್ನಿ. ಕೊನೆಯ ಗುಡುಗಾಗಿ ಅರ್ಧ ಗಂಟೆ ಹೊರಗೆ ಹೋಗಬೇಡಿ. ಆಲಿಕಲ್ಲು ಅಳೆಯುವುದಕ್ಕೂ ಬೇಡ. ಬಿರುಮಳೆಯ ವರದಿ ಅರ್ಧ ಗಂಟೆ ತಡವಾದರೆ ಏನೂ ಮುಳುಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಈ ಮಳೆಗಾಲಕ್ಕೆ ಲೈಸೆನ್ಸ್ ಕೈಗೆ ಬರುವುದು ಕಷ್ಟ. ಪರೀಕ್ಷೆ ಆದ ಮೇಲೂ ಪರಿಶೀಲನೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಮೆಟ್ಟಿಲಿನ ನಂಬರ್, ನೋಟ್‌ಬುಕ್, ಜಿಲ್ಲಾ ತುರ್ತು ಸಂಖ್ಯೆ 1077. ಊರೊಳಗೆ ಬೇಕಾದರೆ 446ರ ಅರ್ಧ ವ್ಯಾಟ್ ಸೆಟ್. ಘಟ್ಟದಿಂದ ಊರಬಾಗಿಲಿಗೆ ಮಾತು ತಲುಪುತ್ತದೆ, ಅದರಾಚೆ ಇಲ್ಲ. ಇದರ ಅಪಾಯ ಏನೆಂದರೆ ಫೋನ್ ಹೋದರೆ ಸುದ್ದಿ ಊರೊಳಗೇ ಉಳಿಯುತ್ತದೆ. ಅದಕ್ಕೆ ಬೈಕಿನಲ್ಲಿ ಯಾರು, ಯಾವ ದಾರಿಯಲ್ಲಿ ತಾಲ್ಲೂಕು ಕಚೇರಿಗೆ ಹೋಗಬೇಕು ಅಂತ ಈಗಲೇ ಗೊತ್ತುಮಾಡಿ. ಮುಂದಿನ ವರ್ಷಕ್ಕೆ ಊರಿನಲ್ಲಿ ಕನಿಷ್ಠ ಮೂರು ಜನ ಲೈಸೆನ್ಸ್ ಮಾಡಿಸಿ. ಒಬ್ಬರೇ ಆದರೆ ಅವರು ಮದುವೆಗೆ ಹೋದ ದಿನವೇ ಹೊಳೆ ಬರುತ್ತದೆ. ಮೂವರೂ ಸೇರಿ ಪಿಡಿಒ, ತಹಶೀಲ್ದಾರ್ ಮೂಲಕ ಜಿಲ್ಲಾಧಿಕಾರಿಗೆ ಪತ್ರ ಕೊಡಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. ನಮ್ಮಲ್ಲಿ ಇಂಥ ಸೆಟ್ ಇದೆ, ಇಷ್ಟು ದೂರ ತಲುಪುತ್ತದೆ, ಮುಂಗಾರಿಗೆ ಮುಂಚೆ ಒಂದು ಅಣಕು ಅಭ್ಯಾಸಕ್ಕೆ ನಮ್ಮನ್ನೂ ಕರೆಯಿರಿ ಅಂತ ಬರೆಯಿರಿ. ಒಂದೇ ಪತ್ರಕ್ಕೆ ಉತ್ತರ ಬರದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ. ಹೊಸಬರು ಬಂದಾಗ ಮತ್ತೆ ಹೋಗಿ ಪರಿಚಯ ಮಾಡಿಕೊಳ್ಳಬೇಕು.

ಮಗಳ ವಿಷಯ. 12 ವರ್ಷ ತುಂಬಿದವರು ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು. ಕೇಂದ್ರ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಪರೀಕ್ಷೆಯಲ್ಲಿ ಎರಡು ಭಾಗ. ಒಂದು ರೇಡಿಯೊ ತಾಂತ್ರಿಕ ವಿಷಯ. ಪಿಯುಸಿ ವಿಜ್ಞಾನದವರಿಗೆ ಅರ್ಧ ಓದಿದ್ದೇ ಬರುತ್ತದೆ. ಇನ್ನೊಂದು ನಿಯಮಗಳು. ಜಾಸ್ತಿ ಜನ ಉದಾಸೀನ ಮಾಡುವುದು ಇದನ್ನೇ. ಮೋರ್ಸ್ ಬೇಡದ ದರ್ಜೆಗೆ ರಿಸ್ಟ್ರಿಕ್ಟೆಡ್ ಅಂತ ಹೆಸರು, ಕರೆಸಂಕೇತ ವಿಯು3 ಅಂತ ಶುರುವಾಗುತ್ತದೆ. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದದ ಮೋರ್ಸ್ ಬೇಕು, ಅದು ವಿಯು2. ನಿಮ್ಮ ಕೆಲಸಕ್ಕೆ ವಿಯು3 ಸಾಕು. ಆದರೆ ಮಗಳಿಗೆ ಇಷ್ಟವಿದ್ದರೆ ಮೋರ್ಸ್ ಕಲಿಯಲಿ. ದನಿ ಕೇಳಿಸದಷ್ಟು ಸದ್ದಿನಲ್ಲೂ ಆ ಕಟ್ಟ-ಕಡ ಕೇಳಿಸುತ್ತದೆ.

ಅರ್ಜಿ ಹಾಕುವ ಮೊದಲು ಒಂದು ಭಾನುವಾರ ಅವಳನ್ನು ಮೈಸೂರಿನ ಯಾರಾದರೂ ಹ್ಯಾಮ್ ಮನೆಗೆ ಕರೆದುಕೊಂಡು ಬನ್ನಿ. ಪಕ್ಕದಲ್ಲಿ ಕೂತು ಕೇಳಲು ಲೈಸೆನ್ಸ್ ಬೇಡ. ಬೆಳಿಗ್ಗೆ ಹೊತ್ತು 7 ಮೆಗಾಹರ್ಟ್ಸ್‌ನಲ್ಲಿ ದಕ್ಷಿಣದ ಊರುಗಳೆಲ್ಲ ಮಾತಾಡುತ್ತಿರುತ್ತವೆ. ಒಂದು ನೋಟ್‌ಬುಕ್, ಎರಡು ಪೆನ್ಸಿಲ್ ತರಲಿ. ಕೇಳಿಸಿದ ಕರೆಸಂಕೇತ, ಊರು, ಸಮಯ ಬರೆದುಕೊಳ್ಳಲಿ. ಮೊದಲ ದಿನ ಐದು ಸರಿಯಾಗಿ ಬರೆದರೆ ಚೆನ್ನಾಗಿ ಬರೆದಳು ಅಂತ ಅರ್ಥ.